ನೀರು ಕುಡಿಯದೆ ನಡೆದ ಮೂರು ದಿನ

ಮಾತೆಯ ಹಬ್ಬಕ್ಕೆ ಮೂರು ದಿನ ಮುಂಚೆ ಸಿರುಗುಪ್ಪದಿಂದ ಹೊರಟು ಬಳ್ಳಾರಿಯ ಗುಡಿಯವರೆಗೆ ನಡೆಯುವ ಪಾದಯಾತ್ರೆ ನಮ್ಮ ಕಡೆಯ ಕ್ಯಾಥೊಲಿಕರಲ್ಲಿ ಬಹಳ ವರ್ಷಗಳಿಂದ ಇದೆ. ಚರ್ಚನ್ನು ನಮ್ಮವರು ಗುಡಿ ಎಂದೇ ಕರೆಯುವುದು. ನಾನು ಅದರಲ್ಲಿ ಮೊದಲ ಸಲ ನಡೆದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಹರಕೆ ಹೊತ್ತು ಅಲ್ಲ, ದೊಡ್ಡಮ್ಮನ ಕಾವಲಿಗೆ.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ, ಕುದಿಸಿದ ಭತ್ತವನ್ನು ಒಣಹಾಕುವ ಸಿಮೆಂಟಿನ ಕಣದ ಮೇಲೆ, ಮೂವತ್ತು ವರ್ಷ ಕಾಲಿನಿಂದ ಭತ್ತ ಮಗುಚಿದವಳು. ಕೆಲಸ ಬಿಟ್ಟಾಗ ಅರವತ್ತು ದಾಟಿತ್ತು. ಮಗಳಿಗೆ ಕಾಮಾಲೆಯಾಗಿ ಉಳಿಯುವುದಿಲ್ಲ ಎಂದಾಗ ಹೊತ್ತ ಹರಕೆ ಅವಳದು. ಮಗಳು ಉಳಿದಳು, ಮದುವೆಯಾಗಿ ಆದವಾನಿಗೆ ಹೋದಳು, ಅವಳ ಮಕ್ಕಳೂ ದೊಡ್ಡವರಾದರು. ಹರಕೆ ತೀರಿ ಎಷ್ಟೋ ವರ್ಷವಾದರೂ ದೊಡ್ಡಮ್ಮ ನಡೆಯುವುದನ್ನು ಬಿಟ್ಟಿರಲಿಲ್ಲ. ಆ ವರ್ಷ ಸಕ್ಕರೆ ಕಾಯಿಲೆ ಹೆಚ್ಚಾಗಿತ್ತು. ಬೇಡ ಎಂದರೆ ಕೇಳಲಿಲ್ಲ. ನಾನು ಬಳ್ಳಾರಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸು. ನಾಲ್ಕು ದಿನ ರಜೆ ಬರೆದುಕೊಟ್ಟು, ಪಾರ್ವತಿನಗರದ ಮನೆಯನ್ನು ಗಂಡನ ಕೈಗೊಪ್ಪಿಸಿ, ಸಿರುಗುಪ್ಪದ ಬಸ್ಸು ಹತ್ತಿದೆ.

ಬೆಳಿಗ್ಗೆ ಆರಕ್ಕೆ ಹೊರಟೆವು. ಇನ್ನೂರರ ಹತ್ತಿರ ಜನ. ಅದರಲ್ಲಿ ಮುಕ್ಕಾಲು ಪಾಲು ಹೆಂಗಸರು, ಎಲ್ಲರೂ ತಿಳಿನೀಲಿ ಸೀರೆ. ಮುಂದೆ ಹೂವಿನಿಂದ ಸಿಂಗರಿಸಿದ ಸಣ್ಣ ಗೂಡ್ಸ್ ಗಾಡಿ, ಅದರ ಮೇಲೆ ಮಾತೆಯ ಪ್ರತಿಮೆ, ಪ್ರತಿಮೆಯ ಎರಡೂ ಪಕ್ಕ ಮೈಕಿನ ಹಾರ್ನು. ಗಾಡಿಯ ಹಿಂದೆ ಸೀಟಿ ಹಿಡಿದ ಕಮಿಟಿಯ ಗಂಡಸರು. ಯಾರಾದರೂ ಸಾಲು ಬಿಟ್ಟು ಪಕ್ಕಕ್ಕೆ ಸರಿದರೆ ಸೀಟಿ ಊದುವರು. ಕಮಿಟಿಯ ಹಿರಿಯರು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ ಇಟ್ಟವರು. ಎಪ್ಪತ್ತರ ಹತ್ತಿರ ವಯಸ್ಸು, ಒಳ್ಳೆಯ ಕಂಠ. ಮಣಿ ಎಣಿಸುತ್ತ ಹೇಳುವ ಜಪಸರದ ಪ್ರಾರ್ಥನೆಯನ್ನು ಅವರೇ ಮೈಕಿನಲ್ಲಿ ಹೇಳಿಸುವರು.

ಸಿರುಗುಪ್ಪ ಬಿಟ್ಟ ಮೇಲೆ ಕಣ್ಣು ಹೋದಷ್ಟು ದೂರ ಭತ್ತದ ಗದ್ದೆ. ನೋಡುವವರಿಗೆ ಚೆಂದ. ನಡೆಯುವ ಹೆಂಗಸಿಗೆ ಅದೆಂಥ ಶಿಕ್ಷೆ ಎಂದು ನನಗೆ ಗೊತ್ತಾದದ್ದು ಅಂದೇ. ಮೊಣಕಾಲೆತ್ತರದ ಪೈರು, ಅದರ ಬುಡದಲ್ಲಿ ನಿಂತ ನೀರು. ಒಂದು ಪೊದೆಯಿಲ್ಲ, ಒಂದು ಮರೆಯಿಲ್ಲ. ಗಂಡಸರಿಗೆ ಇದರಿಂದ ಏನೂ ಆಗಿರಲಿಲ್ಲ. ಕಾಲುವೆಯ ಏರಿ ಕಂಡಲ್ಲೆಲ್ಲ ನಮ್ಮತ್ತ ಬೆನ್ನು ಮಾಡಿ ಸಾಲಾಗಿ ನಿಲ್ಲುತ್ತಿದ್ದರು. ಅವರಿಗೆ ಯಾರೂ ಸೀಟಿ ಊದಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ನಾನು ಬಾಟಲಿ ಚಾಚಿದೆ. ದೊಡ್ಡಮ್ಮ ತುಟಿ ಒದ್ದೆ ಮಾಡಿಕೊಂಡು ವಾಪಸು ಕೊಟ್ಟಳು.

"ಪೂರಾ ಕುಡಿಯೇ. ಬಿಸಿಲು ಹೆಂಗೈತಿ ನೋಡು."

"ಕುಡುದು ಎಲ್ಲಿಗೆ ಹೋಗ್ಲಿ?" ಎಂದಳು. "ನನಗ ರೂಢಿ ಐತಿ, ಬಿಡು."

ಹಿಂದೆ ಮುಂದೆ ನೋಡಿದೆ. ಯಾವ ಹೆಂಗಸಿನ ಕೈಯಲ್ಲೂ ನೀರಿನ ಬಾಟಲಿ ಖಾಲಿಯಾಗಿರಲಿಲ್ಲ. ಎಲ್ಲರೂ ಹೊತ್ತುಕೊಂಡು ನಡೆಯುತ್ತಿದ್ದರು, ಯಾರೂ ಕುಡಿಯುತ್ತಿರಲಿಲ್ಲ. ಹದಿನೆಂಟು ವರ್ಷ ನರ್ಸಾಗಿ ದುಡಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಪ್ರತಿವರ್ಷ ಹಬ್ಬದ ಮರುದಿನ ನಮ್ಮ ಆಸ್ಪತ್ರೆಗೆ ಚಳಿಜ್ವರ, ಉರಿಮೂತ್ರ ಎಂದು ನಮ್ಮ ಹೆಂಗಸರು ಬರುತ್ತಿದ್ದರು. 'ಬಿಸಿಲಿಗೆ ಹಂಗಾಗೈತಿ' ಎಂದು ಅವರು ಹೇಳುತ್ತಿದ್ದರು. ನಾನೂ ಹಾಗೆಯೇ ಬರೆದುಕೊಳ್ಳುತ್ತಿದ್ದೆ.

ಆ ದಿನ ತೆಕ್ಕಲಕೋಟೆ ತಲುಪುವವರೆಗೆ ನಾವು ಹೊರಗೆ ಹೋದದ್ದು ಒಂದೇ ಸಲ. ನಾಲ್ವರು ಸೀರೆಯ ಸೆರಗು ಹಿಡಿದು ಮರೆಮಾಡಿದರೆ ಐದನೆಯವಳು ನಡುವೆ ಕೂರುವುದು. ಅಷ್ಟರಲ್ಲಿ ಗಾಡಿ ಫರ್ಲಾಂಗು ಮುಂದೆ ಹೋಗಿ, ಸೀಟಿಯ ಮೇಲೆ ಸೀಟಿ. ಮೈಕಿನಲ್ಲಿ ಹಿರಿಯರ ದನಿ: "ಹಿಂದಿನವರು ಬೇಗ ಬೇಗ ಬರ್ರಿ, ಮಾತೆ ಕಾಯಾಕತ್ತ್ಯಾಳ."

ದೊಡ್ಡಮ್ಮ ಅದಕ್ಕೂ ಕೂರಲಿಲ್ಲ, ಕತ್ತಲಾಗುವವರೆಗೆ ಕಾದಳು.

ಎರಡನೆಯ ದಿನ ಹೆದ್ದಾರಿ ಬಿಟ್ಟು ಕಾಲುವೆಯ ಪಕ್ಕದ ದಾರಿ ಹಿಡಿದೆವು. ಮಳೆ ಬಿದ್ದು ಎರೆಮಣ್ಣು ಕಾಲಿಗೆ ಮೆತ್ತಿ ಒಂದೊಂದು ಪಾದ ಒಂದೊಂದು ಸೇರಿನ ಭಾರವಾಗಿತ್ತು. ಕುರುಗೋಡಿನ ಬಂಡೆಗುಡ್ಡ ಬೆಳಿಗ್ಗೆಯಿಂದಲೇ ಕಾಣುತ್ತಿದ್ದರೂ ಊರು ಮುಟ್ಟಿದಾಗ ಮಧ್ಯಾಹ್ನ ಮೂರಾಗಿತ್ತು. ವಸತಿ ಒಂದು ಶಾಲೆಯಲ್ಲಿ. ಬಾಗಿಲಲ್ಲಿ ಹೂವಿನ ಕಮಾನು, ಕಮಿಟಿಯವರೆಲ್ಲರ ಮುಖವಿದ್ದ ಫ್ಲೆಕ್ಸು. ಅಂಗಳದಲ್ಲಿ ಮಾತೆಗೆ ಮಂಟಪ, ಅದರ ಮೂರು ದಿಕ್ಕಿಗೂ ಜರಿ ಅಂಚಿನ ಬಟ್ಟೆಯ ಪರದೆ. ಹಿರಿಯರ ಅಂಗಡಿಯದೇ. ಇನ್ನೂ ಎಂಟು ಹತ್ತು ಸುರುಳಿ ಗೋಡೆಗೆ ಒರಗಿಸಿಟ್ಟಿದ್ದರು.

ಶಾಲೆಯ ಹಿಂದೆ ಹುಡುಗಿಯರ ಶೌಚಾಲಯವಿತ್ತು. ಬೀಗ ಹಾಕಿತ್ತು. ಹೆಡ್‌ಮಾಸ್ತರರು ಕೀಲಿಯನ್ನು ಕಮಿಟಿಗೆ ಕೊಟ್ಟು ಹೋಗಿದ್ದಾರೆಂದು ಕಾವಲಿನವನು ಹೇಳಿದ. ಹಿರಿಯರ ಬಳಿ ಹೋದೆ. ಅವರು ಕುರ್ಚಿಯಲ್ಲಿ ಕೂತು ಬಿಸಿನೀರಿನ ಬೇಸಿನ್‌ನಲ್ಲಿ ಕಾಲಿಟ್ಟುಕೊಂಡಿದ್ದರು.

"ಅಂಕಲ್, ಸಂಡಾಸದ ಕೀಲಿ ಕೊಡ್ರಿ. ಹೆಣ್ಮಕ್ಕಳು ಕಾಯಾಕತ್ತ್ಯಾರ."

"ಅದು ಫಾದರ್‌ಗೆ ಇಟ್ಟೀವಮ್ಮ. ಸಂಜಿಗಿ ಬಳ್ಳಾರಿಯಿಂದ ಗೆಸ್ಟ್ ಬರ್ತಾರ. ಇಷ್ಟು ಮಂದಿಗೆ ತಗದ್ರ ಅದು ಉಳಿತೈತೇನು?"

"ಹಂಗಾದ್ರ ಆ ಪರದಿ ಎರಡು ಕೊಡ್ರಿ. ಹಿಂದ ನಾಕು ಕೋಲು ನೆಟ್ಟು ಮರಿ ಮಾಡ್ಕೊಂತೀವಿ."

ಅವರಿಗೆ ನಿಜವಾಗಿಯೂ ನೋವಾಯಿತು. ಮುಖದಲ್ಲಿ ಕಾಣಿಸಿತು. "ಮಾತೆಯ ಮಂಟಪದ ಬಟ್ಟಿ ಅದು! ಅದಕ್ಕಾ ಕೇಳ್ತೀಯಲ್ಲಮ್ಮ? ಇದು ಪಿಕ್ನಿಕ್ ಅಲ್ಲ, ಹರಕಿ ನಡಿಗಿ. ನಡಿಗಿ ಅಂದಮ್ಯಾಲ ಸ್ವಲ್ಪ ತ್ಯಾಗ ಇರಬೇಕು. ಆ ಕಷ್ಟಾನ ಮಾತೆಗೆ ಒಪ್ಪಿಸು."

ಒಂದು ತಾಸಿನ ಹಿಂದೆ ಕಾಲುವೆಯ ಏರಿಯ ಮೇಲೆ ನಿಂತಿದ್ದ ಮನುಷ್ಯ ನನಗೆ ತ್ಯಾಗ ಕಲಿಸುತ್ತಿದ್ದ. ಆ ಮಾತಿಗೆ ಅಲ್ಲೇ ಉತ್ತರ ಕೊಡದೆ ತಿರುಗಿ ಬಂದೆನಲ್ಲ, ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಫಾದರ್ ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿ ಫೋನು ನೋಡುತ್ತ ನಿಂತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕೇಳಿಸಿತು ಎಂದು ನನಗೆ ಗೊತ್ತು. ತಲೆ ಎತ್ತಲಿಲ್ಲ.

ಶಾಲೆಯ ಎದುರಿನ ಮನೆಯ ಮುಂದೆ ಒಬ್ಬ ಹೆಂಗಸು ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಹಣೆಯಲ್ಲಿ ವಿಭೂತಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ನಾವು ಶಾಲೆಯ ಸುತ್ತ ತಿರುಗಾಡುವುದನ್ನು ಸ್ವಲ್ಪ ಹೊತ್ತು ನೋಡಿದವಳೇ ರಸ್ತೆ ದಾಟಿ ಬಂದಳು.

"ಏನವ್ವ, ಹೊರಕಡಿಗೇನು? ನಮ್ಮ ಹಿತ್ತಲದಾಗ ಐತಿ, ಬರ್ರಿ. ಮೋಟರ್ ಹಾಕ್ತೀನಿ, ನೀರಿಗೆ ಚಿಂತಿ ಮಾಡಬ್ಯಾಡ್ರಿ."

ಯಾವ ಊರು, ಯಾವ ಜಾತಿ, ಯಾವ ದೇವರು, ಒಂದನ್ನೂ ಕೇಳಲಿಲ್ಲ. ನೂರಕ್ಕೂ ಹೆಚ್ಚು ಹೆಂಗಸರು ಸಾಲಾಗಿ ಆ ಹಿತ್ತಲಿಗೆ ಹೋಗಿ ಬಂದರು. ಸಂಜೆಯವರೆಗೂ ಅವಳ ಮೋಟರು ಓಡುತ್ತಲೇ ಇತ್ತು. ಪರಿಚಯವೇ ಇಲ್ಲದ ಒಬ್ಬಳು ಐದು ನಿಮಿಷದಲ್ಲಿ ಕಂಡದ್ದನ್ನು ನಮ್ಮದೇ ಗುಡಿಯ ಹಿರಿಯರು ಇಷ್ಟು ವರ್ಷ ಕಂಡಿರಲಿಲ್ಲ.

ಆದರೆ ದೊಡ್ಡಮ್ಮ ಬರಲಿಲ್ಲ. ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದವಳು ಏಳಲೇ ಇಲ್ಲ. ನಾನು ಕೈ ಹಿಡಿದು ಎಳೆದೆ.

"ಅವ್ರ ಮನಿ ಹಿತ್ತಲಕ ನಾ ಹೋಗಲ್ಲ," ಎಂದಳು. "ನಮ್ಮವ್ವ ಇಂಥಾ ಮನಿ ಕಸಬಳಿಯಾಕ ಹೋಗ್ತಿದ್ಲು. ಅಂಗಳ ದಾಟಿದ್ರ ಬೈತಿದ್ರು. ಈಗ ನಾ ಹೋಗಿ ಅವರ ಸಂಡಾಸದಾಗ ಕೂರ್ಲಾ?"

"ಆಯಮ್ಮ ಕರದಾಳ, ದೊಡ್ಡಮ್ಮ."

"ಕರದಾಳ, ಪುಣ್ಯಾತಗಿತ್ತಿ. ನನಗ ಕಾಲು ಬರಲ್ಲ."

ಅವಳ ಮೇಲೂ ನನಗೆ ಸಿಟ್ಟು ಬಂತು. ಸಿಟ್ಟು ಮಾಡುವ ಹಕ್ಕು ನನಗಿರಲಿಲ್ಲ. ಯಾರದೋ ಅಂಗಳದಲ್ಲಿ ಬೈಸಿಕೊಂಡವಳು ನಾನಲ್ಲ. ಅವಳಂಥವರು ಗಿರಣಿಯಲ್ಲಿ ದುಡಿದು ಓದಿಸಿದ್ದರಿಂದ ನಾನು ಬಿಳಿ ಕೋಟು ಹಾಕಿಕೊಂಡವಳು. ಅವಳು ರಾತ್ರಿಯ ಅನ್ನವನ್ನೂ ಅರ್ಧ ಬಿಟ್ಟಳು, ನೀರು ಬೇಕಾಗುತ್ತದೆಂದು.

ಮೂರನೆಯ ದಿನ ಕೋಳೂರು ದಾಟುವಾಗ ಅವಳ ಹೆಜ್ಜೆ ತಪ್ಪತೊಡಗಿತು. ಮೈ ಮುಟ್ಟಿದೆ, ಸುಡುತ್ತಿತ್ತು. ಅಂಥ ಬಿಸಿಲಿನಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದವು. ಸೊಂಟ ಹಿಡಿದುಕೊಂಡಿದ್ದಳು. ಏನಾಗಿದೆ ಎಂದು ನನಗೆ ತಕ್ಷಣ ತಿಳಿಯಿತು. ಪಕ್ಕಕ್ಕೆ ಕೂರಿಸೋಣ ಎನ್ನುವಷ್ಟರಲ್ಲಿ ರಸ್ತೆಯ ಅಂಚಿನಲ್ಲಿ ಕುಸಿದು ಬಿದ್ದಳು. ಹಿಂದಿದ್ದವರು ಕೂಗಿದರು. ಗಾಡಿ ನಿಂತಿತು.

ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಹನಿಹನಿ ನೀರು ಹಾಕುತ್ತಿದ್ದೆ. ಮೈಕು ಮಾತಾಡಿತು.

"ಪ್ರಿಯ ಭಕ್ತರೇ, ನಮ್ಮ ಒಬ್ಬ ತಾಯಿ ಮಾತೆಯ ಭಕ್ತಿಯಲ್ಲಿ ಮೈಮರೆತು ಬಿದ್ದಿದ್ದಾರೆ. ಎಂಥಾ ಭಾಗ್ಯ! ಎಲ್ಲರೂ ಮೊಣಕಾಲೂರಿ."

ಜನ ಮೊಣಕಾಲೂರಿದರು. ಇಬ್ಬರು ಮೂವರು ಬಂದು ದೊಡ್ಡಮ್ಮನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಬ್ಬ ಫೋನು ಎತ್ತಿ ವಿಡಿಯೊ ಮಾಡತೊಡಗಿದ.

ನನಗೆ ಏನಾಯಿತೋ ಗೊತ್ತಿಲ್ಲ. ದೊಡ್ಡಮ್ಮನ ತಲೆಯನ್ನು ಪಕ್ಕದವಳ ತೊಡೆಗೆ ಸರಿಸಿ ಎದ್ದು ಗಾಡಿಯ ಬಳಿ ಹೋಗಿ ಹಿರಿಯರ ಕೈಯಿಂದ ಮೈಕು ಕಿತ್ತುಕೊಂಡೆ.

"ಭಕ್ತಿಗೆ ಬಿದ್ದಿಲ್ಲ ಈಕಿ," ಎಂದೆ. "ಉಚ್ಚಿ ಹೊಯ್ಯಾಕ ಜಾಗ ಇಲ್ದ ಮೂರು ದಿನದಿಂದ ನೀರು ಬಿಟ್ಟು ಬಿದ್ದಾಳ. ಇಲ್ಲಿರೋ ಹೆಣ್ಮಕ್ಕಳೆಲ್ಲ ನೀರು ಬಿಟ್ಟಾರ. ನಿಮ್ಮ ಹತ್ರ ಸಾಲಿ ಸಂಡಾಸದ ಕೀಲಿ ಇತ್ತು, ಕೊಡಲಿಲ್ಲ. ಪರದಿ ಇದ್ವು, ಕೊಡಲಿಲ್ಲ. ಸಾಯೋವರನ್ನ ನೋಡಿ ಭಾಗ್ಯ ಅಂತೀರಲ್ಲ, ನಾಚಿಕಿ ಆಗಲ್ಲೇನ್ರಿ?"

ನನ್ನ ದನಿ ಎರಡೂ ಹಾರ್ನಿನಿಂದ ಹೊರಟಿತು. ಗದ್ದೆಯ ಆಚೆ ಕಳೆ ಕೀಳುತ್ತಿದ್ದವರೂ ಬೆನ್ನೆತ್ತಿ ನೋಡಿದರು. ಗಂಡಸರು ನೆಲ ನೋಡಿದರು. ಯಾರೋ ಕಿಸಕ್ಕೆಂದು ನಕ್ಕರು. ಸಾಲಿನ ಹಿಂದಿನಿಂದ ಒಬ್ಬಳು "ಖರೇ ಐತಿ" ಎಂದಳು. ಇನ್ನೊಬ್ಬಳು, "ನನಗೂ ನಿನ್ನಿಯಿಂದ ಉರಿ" ಎಂದಳು. ಆಮೇಲೆ ಹಲವರು ಒಟ್ಟಿಗೆ ಮಾತಾಡತೊಡಗಿದರು. ಅಷ್ಟರಲ್ಲಿ ಹಿರಿಯರು ಮೈಕು ಕಸಿದುಕೊಂಡು ಹಾಡು ಎತ್ತಿಕೊಂಡರು. ಗಂಡಸರ ದನಿ ಸೇರಿತು. ಹೆಂಗಸರು ಹಾಡಲಿಲ್ಲ. ಅಷ್ಟನ್ನು ನಾನು ಕಿವಿಯಾರೆ ಕೇಳಿದೆ.

ಮೆಣಸಿನ ಸಸಿ ಸಾಗಿಸುತ್ತಿದ್ದ ಒಂದು ಆಟೋದವನು ಸಸಿಯ ಟ್ರೇಗಳನ್ನು ರಸ್ತೆಬದಿಗಿಳಿಸಿ ನಮ್ಮನ್ನು ಹತ್ತಿಸಿಕೊಂಡ. ನಾನು ಕೆಲಸ ಮಾಡುವ ಆಸ್ಪತ್ರೆಗೇ ಕರೆದೊಯ್ದೆ. ಸೋಂಕು ಕಿಡ್ನಿಗೆ ಏರಿತ್ತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಐದು ದಿನ ಡ್ರಿಪ್ಪು ಹಾಕಿದರು. ಹಬ್ಬದ ದಿನ ಗುಡಿಯ ಪಟಾಕಿ ವಾರ್ಡಿಗೆ ಕೇಳಿಸುತ್ತಿತ್ತು.

ಎಚ್ಚರವಾದ ಮೇಲೆ ಅವಳು ನನಗೆ ಹೇಳಿದ ಮೊದಲ ಮಾತು ನಾನು ಎಣಿಸಿದ್ದಲ್ಲ. ಯಾರೋ ನೋಡಲು ಬಂದವರು ಎಲ್ಲ ಹೇಳಿದ್ದರು.

"ಮೂವತ್ತು ವರ್ಷ ಗಿರಣ್ಯಾಗ ದುಡದೀನಿ. ಅಲ್ಲಿ ಹೆಂಗಸ್ರಿಗೆ ಒಂದು ಮರಿ ಇರಲಿಲ್ಲ. ಬೆಳಿಗ್ಗೆ ಹೋದ್ರ ಸಂಜಿತನಕ ಕಟ್ಕೊಂಡು ನಿಲ್ತಿದ್ವಿ. ಯಾವತ್ತರ ಬಾಯಿ ಬಿಟ್ಟೀವೇನು? ನೀ ನೋಡಿದ್ರ ಮೈಕಿನ್ಯಾಗ ನನ್ನ ಉಚ್ಚಿ ಸುದ್ದಿ ಊರಿಗೆಲ್ಲ ಸಾರಿದಿ. ನನ್ನ ಮಾನ ಕಳದಿ."

"ಮಾನ ಹೋಗಿದ್ದು ನಿಂದಲ್ಲ ದೊಡ್ಡಮ್ಮ, ಅವರದು."

"ಅವರದ್ಯಾಕ ಹೋಗ್ತೈತಿ? ಮಂದಿ ನೋಡಿ ನಗೋದು ನನ್ನ."

ಗೋಡೆಯ ಕಡೆ ತಿರುಗಿ ಮಲಗಿದಳು. ಆರು ತಿಂಗಳು ನನ್ನ ಫೋನು ಎತ್ತಲಿಲ್ಲ. ಅವಳ ದೃಷ್ಟಿಯಲ್ಲಿ ಅವಳು ಹೇಳಿದ್ದು ಸರಿಯೇ. ಕೇಳದೆ ನಾನು ಅವಳ ಮೈಯ ಮಾತನ್ನು ಬೀದಿಗೆ ತಂದಿದ್ದೆ. ಆದರೆ ನನ್ನ ಸಿಟ್ಟು ಅದರಿಂದ ಇಳಿಯಲಿಲ್ಲ, ಇಮ್ಮಡಿಯಾಯಿತು. ಮೂವತ್ತು ವರ್ಷ ಕಣದ ಮೇಲೆ ಕಟ್ಟಿಕೊಂಡು ನಿಂತವಳಿಗೆ ಅದೇ ಮಾನ ಎಂದು ಕಲಿಸಿದವರು ಯಾರು? ಅದನ್ನೇ ತ್ಯಾಗ ಎಂದು ಹೆಸರಿಟ್ಟು ದೇವರ ಮುಂದೆ ಇಡಿ ಎಂದವರು ಯಾರು? ನಾನು ಪ್ರಾರ್ಥನೆ ಬಿಟ್ಟವಳಲ್ಲ. ದನದ ಕೊಟ್ಟಿಗೆಯಲ್ಲಿ ಹೆತ್ತ ತಾಯಿಗೆ ಹೆಂಗಸಿನ ಮೈಯ ಕಷ್ಟ ಕಮಿಟಿಯವರು ತಿಳಿಸಿಕೊಡಬೇಕಿಲ್ಲ ಎಂದು ನಂಬಿದವಳು.

ಮುಂದಿನ ವರ್ಷ ಪ್ರತಿ ವಸತಿಯಲ್ಲೂ ಪರದೆಯ ಮರೆಗಳು ಎದ್ದವು. ದಾರಿಯ ನಡುವೆ ಎರಡು ಕಡೆ ತಗಡಿನವು. ಫ್ಲೆಕ್ಸಿನಲ್ಲಿ ಶಾಮಿಯಾನದ ಹಿರಿಯರ ಫೋಟೊ, ಕೆಳಗೆ 'ತಾಯಂದಿರ ಸೇವೆಗಾಗಿ'. ಪೂಜೆಯ ಕೊನೆಗೆ ಫಾದರ್ ಆ ಹಿರಿಯರಿಗೆ ಶಾಲು ಹೊದಿಸಿದರು. ಕಮಿಟಿಗೆ ಇಬ್ಬರಾದರೂ ಹೆಂಗಸರನ್ನು ತೆಗೆದುಕೊಳ್ಳಿ ಎಂದು ನಾನು ಬರೆದುಕೊಟ್ಟ ಅರ್ಜಿಯ ಬಗ್ಗೆ ಯಾರೂ ಮಾತೆತ್ತಲಿಲ್ಲ.

ದೊಡ್ಡಮ್ಮ ಆ ವರ್ಷ ತೆಕ್ಕಲಕೋಟೆಯವರೆಗೆ ಮಾತ್ರ ನಡೆದಳಂತೆ, ಅಲ್ಲಿಂದ ಬಸ್ಸು. ಮರೆಯೊಳಗೆ ಹೋಗಿ ಬಂದು, "ಗಾಳಿಗೆ ಹಾರಾಡ್ತೈತಿ, ಕೆಳಗ ಕಲ್ಲು ಇಡಾಕ ಹೇಳ್ರಿ ಅವರಿಗೆ" ಎಂದು ಎಲ್ಲರೆದುರಿಗೆ ಗಟ್ಟಿಯಾಗಿ ಬೈದಳಂತೆ. ಆ ವರ್ಷ ನಾನು ನಡೆದಿರಲಿಲ್ಲ, ನನಗೆ ಇದನ್ನು ಹೇಳಿದವಳು ಅವಳ ಮಗಳು. ನನ್ನೊಡನೆ ದೊಡ್ಡಮ್ಮ ಈಗ ಮಾತಾಡುತ್ತಾಳೆ, ಆ ದಿನದ ವಿಷಯ ಬಿಟ್ಟು.

ಕಮಿಟಿಯಿಂದ ನನಗೊಂದು ಪತ್ರ ಬಂದಿತ್ತು. ಯಾತ್ರೆಯಲ್ಲಿ ಮೈಕಿನ ದುರುಪಯೋಗ ಮಾಡಿ, ಅಶ್ಲೀಲ ಪದ ಬಳಸಿದ್ದಕ್ಕೆ ಲಿಖಿತ ಕ್ಷಮಾಪಣೆ ಕೊಡಬೇಕು, ಕೊಡುವವರೆಗೆ ಯಾತ್ರೆಯಲ್ಲಿ ಹೆಸರು ಬರೆಸುವಂತಿಲ್ಲ ಎಂದು. ನಾನು ಕೊಟ್ಟಿಲ್ಲ. ಎರಡು ವರ್ಷದಿಂದ ಹೆಸರು ಬರೆಸದೆ, ಸಾಲಿನ ಕೊನೆಯಲ್ಲಿ, ಹೆಗಲಿಗೆ ಔಷಧಿಯ ಚೀಲ ಹಾಕಿಕೊಂಡು ನಡೆಯುತ್ತಿದ್ದೇನೆ. ರಸ್ತೆ ಅವರ ಅಂಗಡಿಯದಲ್ಲ.