ಸುಣ್ಣದ ಹೆಬ್ಬೆರಳು

ಅವರ ಬಲಗಾಲಿನ ಹೆಬ್ಬೆರಳು ವರ್ಷವಿಡೀ ಬೆಳ್ಳಗಿರುತ್ತಿತ್ತು. ಕಬಡ್ಡಿ ಅಂಕಣ ಹಾಕುವಾಗ ಚಪ್ಪಲಿ ಬಿಟ್ಟು, ಚೆಲ್ಲಿದ ಸುಣ್ಣದ ಪುಡಿಯನ್ನು ಆ ಬೆರಳಿನಿಂದಲೇ ತೀಡುತ್ತಿದ್ದರು. "ಹಾಸಿಗಿ ಮ್ಯಾಲೂ ಗೆರಿ ಹೊಡಿತಾರ ನೋಡ್ರಿ" ಎಂದು ಅವರ ಹೆಂಡತಿ ನಗುತ್ತಿದ್ದರು.

ಬಸವಕಲ್ಯಾಣದ ಹೈಸ್ಕೂಲೊಂದರ ಡ್ರಿಲ್ ಮಾಸ್ತರರು ಅವರು. ನಾನು ಹುಮನಾಬಾದಿನ ಶಾಲೆಗೆ ಹೊಸದಾಗಿ ಬಂದ ಅಕ್ಕೋರು. ಎಪ್ಪತ್ತರ ದಶಕ; ನಮ್ಮ ಕಡೆ ಹುಡುಗಿಯರ ಕಬಡ್ಡಿ ಆಗಷ್ಟೇ ಶುರುವಾಗಿತ್ತು. ಹುಡುಗಿಯರ ಆಟಕ್ಕೆ ಹೆಣ್ಣು ಅಂಪೈರೇ ಬೇಕೆಂದು ಮಾಸ್ತರರು ಹಟ ಹಿಡಿದರು. ಸಿಕ್ಕವಳು ನಾನು! ನನಗೆ ಗೊತ್ತಿದ್ದ ಆಟವೆಂದರೆ ಕುಂಟಾಬಿಲ್ಲೆ ಒಂದೇ.

ರವಿವಾರಕ್ಕೊಮ್ಮೆ ಬಸ್ಸು ಹತ್ತಿ ಅವರ ಮೈದಾನಕ್ಕೆ ಹೋಗುತ್ತಿದ್ದೆ. ಮೊದಲ ತಿಂಗಳು ಸೀಟಿ ಮುಟ್ಟಗೊಡಲಿಲ್ಲ. ಅಂಕಣದ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂರಿಸಿ ಬರೀ ಕಾಲುಗಳನ್ನು ನೋಡಿಸಿದರು. ತಲೆ ಎತ್ತಿ ಯಾರದಾದರೂ ಮುಖ ನೋಡಿದರೆ ಬೈಗುಳ.

"ಮಾರಿ ನೋಡಬ್ಯಾಡ್ರಿ ಅಕ್ಕೋರೆ. ಮಾರಿ ನೋಡಿದ್ರ ಕರುಣಾ ಬರ್ತದ. ಕಾಲ್ ನೋಡ್ರಿ, ಕಾಲು!"

ಅವರ ಅಂಕಣವೂ ಬೇರೆಯೇ ತರಹ. ನಡುಗೆರೆಗೆ ಒಲೆಯ ಬೂದಿ. ಸುತ್ತಲಿನ ಗೆರೆಗಳನ್ನು ಕೋಲಿನಿಂದ ಕೊರೆದು, ಅವುಗಳ ಹೊರಗಡೆ ಮಾತ್ರ ಸುಣ್ಣ. ಆಟಗಾರ್ತಿಯರು ಸುಣ್ಣವನ್ನು ಹಾರಿಯೇ ಒಳಗೆ ಬರಬೇಕು. ಅಂಗಾಲಿಗೆ ಸುಣ್ಣ ಹತ್ತಿತೆಂದರೆ ಗೆರೆ ದಾಟಿದಳೆಂದೇ ಅರ್ಥ. ಹೊಸ ಅಂಪೈರುಗಳಿಗಾಗಿ ಅವರು ಕಂಡುಕೊಂಡ ಉಪಾಯ ಅದು.

ನನ್ನ ಮೊದಲ ಫೈನಲ್ ಹುಮನಾಬಾದಿನಲ್ಲಿ. ಆಡುವವರು ಬೇಮಳಖೇಡದ ಹುಡುಗಿಯರು ಮತ್ತು ಮಾಸ್ತರರ ಹುಡುಗಿಯರು. ಅಂಕಣ ಹಾಕಿದವರೂ ಮಾಸ್ತರರೇ. ಆ ವರ್ಷ ಅವರಿಗೆ ನಿವೃತ್ತಿ. ಅಲ್ಲಿಯವರೆಗೆ ಒಂದು ಕಪ್ಪೂ ಗೆದ್ದಿರಲಿಲ್ಲ. ಈ ಸಲ ಗೆದ್ದೇ ಗೆಲ್ಲುತ್ತೇವೆಂದು ಪೇಢೆಯ ಗಂಟು ಕಟ್ಟಿಕೊಂಡೇ ಬಂದಿದ್ದರು.

ಅಂಕಗಳು ಸಮವಾದವು. ಉಳಿದದ್ದು ಒಂದೇ ರೇಡ್. ಮಾಸ್ತರರ ಕಡೆಯ ಚುರುಕು ಹುಡುಗಿ ಹಿಂದಿನ ಮೂಲೆಯವರೆಗೆ ನುಗ್ಗಿ, ಒಬ್ಬಳನ್ನು ಮುಟ್ಟಿ, ಬಾಣದಂತೆ ಮರಳಿದಳು. ಮಾಸ್ತರರು ಎದ್ದು ನಿಂತರು. ಆ ಮುಖದಲ್ಲಿ ಎಂಥ ಸಂತೋಷ! ನಾನು ಸೀಟಿ ಊದಿ ಅವರಿಗೇ ಅಂಕ ಕೊಟ್ಟುಬಿಟ್ಟೆ.

"ಹೊರಗ ಹೋಗ್ಯಾಳ್ರಿ ಅಕ್ಕೋರೆ!" ಎಂದು ಬೇಮಳಖೇಡದ ಹುಡುಗಿಯರು ಚೀರಿದರು.

ನಾನು ಕಾಲು ನೋಡಿರಲೇ ಇಲ್ಲ. ರೇಡ್ ಮಾಡಿದವಳ ಹತ್ತಿರ ಹೋಗಿ, "ಕಾಲ್ ಎತ್ತವ್ವ" ಎಂದೆ. ಅವಳ ಬಲಗಾಲಿನ ಹೆಬ್ಬೆರಳು ಬೆಳ್ಳಗಿತ್ತು.

ತೀರ್ಪು ತಿರುಗಿಸಿದೆ. ಅಂಕವೂ ಕಪ್ಪೂ ಬೇಮಳಖೇಡಕ್ಕೆ ಹೋದವು. ಹುಡುಗಿ ಅಲ್ಲೇ ಕುಸಿದು ಅತ್ತಳು. ನನಗೂ ಅಳು ಬಂತು. ಮಾಸ್ತರರ ಕಡೆ ತಿರುಗುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಒಬ್ಬರೇ ಜೋರಾಗಿ ಚಪ್ಪಾಳೆ ತಟ್ಟುವುದು ಕೇಳಿಸಿತು. ಅವರೇ. ಪೇಢೆಯ ಗಂಟು ಬಿಚ್ಚಿ ಮೊದಲನೆಯದನ್ನು ನನ್ನ ಕೈಯಲ್ಲಿಟ್ಟರು.

"ಮೊದಲ ಸೀಟಿ ಯಾಕ ಊದಿದ್ರಿ?"

"ನಿಮ್ಮ ಮಾರಿ ನೋಡಿದ್ನಿರಿ ಸರ್."

ಹೊಟ್ಟೆ ಹಿಡಿದುಕೊಂಡು ನಕ್ಕರು. "ನಂದೂ ಮಾರೀನೇ ಅಲ್ಲೇನ್ರಿ? ಅದನ್ನೂ ನೋಡಬಾರದ್ರಿ!" ಆಮೇಲೆ ಬೇಮಳಖೇಡದ ಹುಡುಗಿಯರಿಗೆ ಎರಡೆರಡು ಪೇಢೆ ಹಂಚಿದರು. ಅಳುತ್ತಿದ್ದವಳಿಗೆ ಮೂರು.

ಎಂಬತ್ತರ ದಶಕದಲ್ಲಿ ಅವರು ತೀರಿಕೊಂಡರು. ಅಷ್ಟೊತ್ತಿಗೆ ನಾನು ಎಷ್ಟು ಪಂದ್ಯಗಳಿಗೆ ಸೀಟಿ ಊದಿದ್ದೆನೋ, ಲೆಕ್ಕವಿಲ್ಲ. ತಪ್ಪಿದಾಗ ತಪ್ಪೆನ್ನುವ ಧೈರ್ಯ ನನಗೆ ಅವರ ಪೇಢೆಯಿಂದಲೇ ಬಂದದ್ದು. ನಾನು ಹೋದಾಗ ಅವರ ದೇಹಕ್ಕೆ ಸ್ನಾನ ಮಾಡಿಸಿ, ಹೂವಿನ ಹಾರ ಹಾಕಿ ಕೂರಿಸಿದ್ದರು. ಪಾದ ಮುಟ್ಟಲು ಬಾಗಿದೆ. ಹೆಬ್ಬೆರಳು ಸ್ವಚ್ಛವಾಗಿತ್ತು. ಅಲ್ಲಿಯವರೆಗೆ ತಡೆದಿದ್ದ ಅಳು ಅದನ್ನು ನೋಡಿ ಒಡೆಯಿತು.

ಆಗ ಯಾರೋ ಒಬ್ಬ ಹೆಂಗಸು ಓಡಿಬಂದು ನನ್ನ ಪಕ್ಕದಲ್ಲೇ ಬಾಗಿದಳು. ಅಭ್ಯಾಸಬಲ, ನಾನು ಮುಖ ನೋಡಲಿಲ್ಲ, ಕಾಲು ನೋಡಿದೆ. ಬಲಗಾಲಿನ ಹೆಬ್ಬೆರಳು ಬೆಳ್ಳಗಿತ್ತು.

"ಗೆರಿ ಹಾಕಾಕತ್ತಿದ್ನಿರಿ ಅಕ್ಕೋರೆ" ಎಂದಳು, ಅಂದು ಮೂರು ಪೇಢೆ ತಿಂದಿದ್ದ ಹುಡುಗಿ. "ಸುದ್ದಿ ಕೇಳಿ ಹಂಗೇ ಬಂದೆ. ಇವತ್ತಿನ ಮ್ಯಾಚಿಗೆ ನಾನೇ ಅಂಪೈರ್."