ಹಳದಿ ಹಗ್ಗ ಎಳೆದ ದಿನ

ನಿಮ್ಮ ಅಜ್ಜ ತೀರಿಕೊಂಡ ಮೇಲೆ, ಈ ಪರದೇಶದ ದಕ್ಷಿಣ ದ್ವೀಪದ ನೆಲ್ಸನ್‌ನಲ್ಲಿದ್ದ ನಮ್ಮ ಡೇರಿಯನ್ನು ಮಾರಬೇಕಾಯಿತು. ನಿಮ್ಮಲ್ಲಿ ನಮ್ಮೂರಲ್ಲೇ ಉಳಿದ ಮೊಮ್ಮಕ್ಕಳಿಗೆ ಹೇಳಬೇಕು, ಇಲ್ಲಿ ಡೇರಿ ಎಂದರೆ ಹಾಲಿನ ಡೇರಿಯಲ್ಲ, ಬೀದಿ ಮೂಲೆಯ ಚಿಕ್ಕ ಅಂಗಡಿ. ಇಷ್ಟು ವರ್ಷ ಆ ಅಂಗಡಿಯಲ್ಲಿ ದುಡಿದರೂ ನಾನು ಗಿರಾಕಿಗಳ ಮುಂದೆ ನಿಂತವಳಲ್ಲ. ಸಾಮಾನು ಜೋಡಿಸುವುದು, ನೆಲ ಒರೆಸುವುದು, ಹಿಂದಿನ ಕೋಣೆಯಲ್ಲಿ ರೊಟ್ಟಿ ಬಡಿಯುವುದು ನನ್ನ ಕೆಲಸ. ಮಾತೆಲ್ಲ ನಿಮ್ಮ ಅಜ್ಜನದು. ಒಂದು ಕೇಳಿದವರಿಗೆ ಹತ್ತು ಹೇಳಿ ನಗಿಸಿ ಕಳಿಸುತ್ತಿದ್ದರು. ಅವರು ಹೋದಾಗ ನನ್ನ ಕೆಲಸವೂ ಹೋಯಿತು, ನನ್ನ ಪರವಾಗಿ ಆಡುತ್ತಿದ್ದ ಬಾಯಿಯೂ ಹೋಯಿತು.

ಉತ್ತರದ ದ್ವೀಪದ ರೊಟೊಟೂನದಿಂದ ಮಗ ದಿನವೂ ಫೋನ್ ಮಾಡುತ್ತಿದ್ದ.

"ಅವ್ವಾ, ಒಬ್ಬಾಕಿನ ಅಲ್ಲೇನ್ ಮಾಡ್ತಿ? ಇಲ್ಲಿ ಬಾ. ರೂಮ್ ಖಾಲಿನ ಐತಿ."

"ಬರ್ತೀನಪಾ. ಸ್ವಲ್ಪ ತಡಿ."

"ತಡದು ಏನ್ ಮಾಡೂದೈತಿ? ಬಾಡಿಗಿ ನಾ ಕೊಡ್ತೀನಂದ್ರ ನೀ ಒಲ್ಲೆ ಅಂತಿ."

ಒಲ್ಲೆ ಎಂದದ್ದು ನಿಜ. ಆದರೆ ನೆಲ್ಸನ್ ಬಿಡದಿರಲು ಕಾರಣ ಬೇರೆ ಇತ್ತು, ಅದನ್ನು ಅವನಿಗೆ ಹೇಳಲು ನಾಲಿಗೆ ಏಳಲಿಲ್ಲ. ನಿಮ್ಮ ಅಜ್ಜನನ್ನು ಮಣ್ಣು ಮಾಡಿದ್ದು ಇಲ್ಲಿ. ಗೋರಿಯ ಮೇಲಿನ ಮಣ್ಣು ಇನ್ನೂ ಕೂತಿರಲಿಲ್ಲ. ನಾನು ಸಮುದ್ರ ದಾಟಿ ಉತ್ತರದ ದ್ವೀಪಕ್ಕೆ ಹೋದರೆ ಅವರ ಹತ್ತಿರ ಬಂದು ನಿಲ್ಲುವವರು ಯಾರೂ ಇರುತ್ತಿರಲಿಲ್ಲ. ಬಾಡಿಗೆ ಕಟ್ಟುವಷ್ಟು ಕೆಲಸ ಸಿಕ್ಕರೆ ಇರುತ್ತೇನೆ, ಸಿಗದಿದ್ದರೆ ಚಳಿಗಾಲಕ್ಕೆ ಮೊದಲೇ ಗಂಟು ಕಟ್ಟುತ್ತೇನೆ ಎಂದು ಮಗನಿಗೆ ಮಾತು ಕೊಟ್ಟೆ.

ಕೆಲಸ ಹುಡುಕುವುದು ಕೆಲಸಕ್ಕಿಂತ ದಣಿವಿನದು. ಸೇಬು ಪ್ಯಾಕ್ ಮಾಡುವಲ್ಲಿ ಹೋದರೆ ಜನ ತುಂಬಿದ್ದಾರೆ ಎಂದರು. ಒಂದು ಮೋಟೆಲ್‌ನವರು ನನ್ನ ಬಿಳಿ ಕೂದಲು ನೋಡಿ, ತಿಳಿಸುತ್ತೇವೆ ಎಂದರು, ತಿಳಿಸಲಿಲ್ಲ. ಹೋದಲ್ಲೆಲ್ಲ ಬಾಗಿಲ ಹೊರಗೆ ನಿಂತು, ಒಳಗೆ ಹೋಗಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುವುದರಲ್ಲಿ ಅರ್ಧ ಶಕ್ತಿ ಮುಗಿಯುತ್ತಿತ್ತು.

ನಮ್ಮ ಬೀದಿಯಲ್ಲಿ ಮಂಗಳೂರಿನ ಕಡೆಯ ಒಬ್ಬ ನರ್ಸ್ ಇದ್ದಳು. ತೆಂಗಿನಕಾಯಿಗೆ ಅಂಗಡಿಗೆ ಬಂದು ಪರಿಚಯವಾದವಳು. ಒಂದು ಸಂಜೆ ಆಸ್ಪತ್ರೆಯ ಬಟ್ಟೆಯಲ್ಲೇ ಬಂದು ಕೂತಳು.

"ಆಂಟಿ, ಪೋರ್ಟ್ ಹತ್ರ ಒಂದು ಜಪಾನಿನವರ ಫ್ಯಾಕ್ಟರಿ ಉಂಟು. ಮರದ್ದು. ಜನ ಬೇಕಂತೆ."

"ನಂಗ ಇಂಗ್ಲಿಷ ನೆಟ್ಟಗ ಬರಂಗಿಲ್ಲ ಯವ್ವಾ, ಜಪಾನಿ ಎಲ್ಲಿಂದ ತರ್ಲಿ?"

"ಮರದ ಹತ್ರ ಮಾತಾಡ್ಲಿಕ್ಕೆ ಯಾವ ಭಾಷೆ ಬೇಕು ಮಾರಾಯ್ರೆ? ನೀವು ಸುಮ್ನೆ ಬನ್ನಿ, ಅಪ್ಲಿಕೇಶನ್ ನಾನು ಹಾಕ್ತೇನೆ."

ಹಾಕಿದಳು. ಸಂದರ್ಶನದ ದಿನ ತನ್ನ ಕಾರಿನಲ್ಲಿ ಗೇಟಿನವರೆಗೆ ಬಿಟ್ಟಳು. ಅಲ್ಲಿನ ಮ್ಯಾನೇಜರ್ ಜಪಾನಿನ ಹಿರಿಯರು, ನನ್ನ ವಯಸ್ಸಿನವರೇ ಇರಬಹುದು. ಅವರ ಇಂಗ್ಲಿಷೂ ನನ್ನ ಹಾಗೆ ತಡೆತಡೆದು ಬರುತ್ತಿತ್ತು, ಅದರಿಂದ ನನಗೆ ಸ್ವಲ್ಪ ಜೀವ ಬಂತು. ಕೆಲಸ ಮಾಡುವಾಗ ತಪ್ಪು ಕಂಡರೆ ಏನು ಮಾಡುತ್ತೀರಿ ಎಂದು ಕೇಳಿದರು. ಗದ್ದಲ ಮಾಡದೆ ಸರಿ ಮಾಡುತ್ತೇನೆ ಎಂದೆ. ಒಳ್ಳೆಯ ಉತ್ತರ ಕೊಟ್ಟೆನೆಂದು ನಾನು ತಿಳಿದಿದ್ದೆ. ಅವರು ತಲೆ ಅಲ್ಲಾಡಿಸಿದರು. "ಇಲ್ಲಿ ಗದ್ದಲ ಮಾಡಬೇಕು" ಎಂದು ಹೇಳಿ, ಒಂದು ವಾರ ಕೆಲಸ ಮಾಡಿ ತೋರಿಸಿ ಎಂದರು.

ಜಪಾನಿನಲ್ಲಿ ಕಟ್ಟುವ ಮನೆಗಳ ಬಾಗಿಲ ಚೌಕಟ್ಟಿಗೆ ಇಲ್ಲಿಂದ ಪೈನ್ ಮರದ ಪಟ್ಟಿಗಳು ಹೋಗುತ್ತವೆ. ಪಟ್ಟಿಗಳು ಬೆಲ್ಟಿನ ಮೇಲೆ ಒಂದರ ಹಿಂದೆ ಒಂದು ಬರುತ್ತವೆ. ಬಿರುಕು, ಗಂಟು, ಕಲೆ ಇದೆಯೇ ಎಂದು ನೋಡುವುದು ನನ್ನ ಕೆಲಸ. ಸುಮ್ಮನೆ ನೋಡಿದರೆ ಸಾಲದು. ಪ್ರತಿ ಪಟ್ಟಿಗೂ ಬೆರಳು ಚಾಚಿ ತೋರಿಸಿ, ಎಲ್ಲರಿಗೂ ಕೇಳುವ ಹಾಗೆ "ಓಕೆ" ಎಂದು ಕೂಗಬೇಕು. ಬಾಯಿ ಸುಮ್ಮನಿದ್ದರೆ ಕಣ್ಣು ನಿದ್ದೆ ಹೋಗುತ್ತದೆ ಎಂಬುದು ಅವರ ಲೆಕ್ಕ. ತಪ್ಪು ಕಂಡರೆ ತಲೆಯ ಮೇಲೆ ಉದ್ದಕ್ಕೆ ಕಟ್ಟಿದ ಹಳದಿ ಹಗ್ಗವನ್ನು ಎಳೆಯಬೇಕು. ಆಗ ಇಡೀ ಸಾಲಿನ ಯಂತ್ರಗಳೇ ನಿಲ್ಲುತ್ತವೆ.

ನಾನು ಬೆಳೆದ ಮನೆಯಲ್ಲಿ ಹೆಣ್ಣುಮಕ್ಕಳ ದನಿ ಪಡಸಾಲೆ ದಾಟುವಂತಿರಲಿಲ್ಲ. ಬೆರಳು ಮಾಡಿ ತೋರಿಸಿದರೆ ಅವ್ವ ಕೈಗೆ ಹೊಡೆಯುತ್ತಿದ್ದಳು. ಈ ವಯಸ್ಸಿನಲ್ಲಿ ಗಂಡಸರ ನಡುವೆ ನಿಂತು ಬೆರಳು ಚಾಚಿ ಕೂಗುವುದೆಂದರೆ! ನಮ್ಮ ಸಾಲಿನ ಲೀಡರ್ ಸಮೋವಾದ ದಪ್ಪನೆಯ ಹೆಂಗಸು, ಕಿವಿಯ ಹಿಂದೆ ಪ್ಲಾಸ್ಟಿಕ್ ಹೂ ಸಿಕ್ಕಿಸಿರುತ್ತಿದ್ದಳು. ಅವಳು ಬಂದು ಕಿವಿ ನನ್ನ ಬಾಯಿಗೇ ಹಿಡಿದು, "ಆಂಟಿ, ನಿಮ್ಮ ಓಕೆ ನಿಮ್ಮ ಮೂಗಿಗಾದರೂ ಕೇಳಿಸ್ತಾ?" ಎಂದಳು. ಸುತ್ತಲಿನವರು ನಕ್ಕರು. ನನಗೂ ನಗು ಬಂತು, ಆದರೆ ದನಿ ಬರಲಿಲ್ಲ.

ಕೆಟ್ಟ ಪಟ್ಟಿ ಕಂಡಾಗ ನಾನು ಹಗ್ಗ ಎಳೆಯದೆ, ಅದನ್ನು ತೆಗೆದು ಮೇಜಿನ ಕೆಳಗೆ ಇಡುತ್ತಿದ್ದೆ. ಇನ್ನೊಬ್ಬರ ತಪ್ಪನ್ನು ನಾಲ್ಕು ಜನರ ಮುಂದೆ ಏಕೆ ಎತ್ತಿ ಆಡುವುದು ಎಂದು. ಅದೂ ಲೀಡರ್‌ಗೆ ಗೊತ್ತಾಯಿತು. "ನೀವು ಮುಚ್ಚಿಟ್ಟರೆ ಅಲ್ಲಿ ಕೊಯ್ಯುವವನಿಗೆ ತನ್ನ ಗರಗಸ ಹಾಳಾಗಿದೆ ಅಂತ ಹೇಗೆ ತಿಳಿಯಬೇಕು ಆಂಟಿ? ಹಗ್ಗ ಎಳೀರಿ. ಅದು ಹಾವಲ್ಲ" ಎಂದಳು.

ಸಂಜೆ ಮನೆಗೆ ಬಂದರೆ ಶೂ ಬಿಚ್ಚಲೂ ಬಗ್ಗಲಾಗುತ್ತಿರಲಿಲ್ಲ. ಮಂಚದ ಅಂಚಿಗೆ ಕೂತು ಪಾದಗಳನ್ನು ನೋಡುತ್ತಿದ್ದೆ, ಬೇರೆ ಯಾರದೋ ಪಾದಗಳನ್ನು ನೋಡಿದ ಹಾಗೆ. ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದು ಮಲಗುತ್ತಿದ್ದೆ. ಕಣ್ಣು ಮುಚ್ಚಿದರೂ ಪಟ್ಟಿಗಳು ಹಾಯುತ್ತಿದ್ದವು.

ವಾರದ ಕೊನೆಯ ದಿನ ಒಂದು ಪಟ್ಟಿಯ ಮೇಲೆ ಕಪ್ಪನೆಯ ಗೆರೆ ಕಂಡಿತು. ಬಿರುಕೇ ಅನ್ನಿಸಿತು. ಇವತ್ತೂ ಎಳೆಯದಿದ್ದರೆ ಕೆಲಸ ಸಿಗುವುದಿಲ್ಲ ಎಂದು ಕಣ್ಣು ಮುಚ್ಚಿ ಹಗ್ಗ ಎಳೆದೆ. ಗಂಟೆ ಹೊಡೆಯಿತು. ಬೆಲ್ಟು ನಿಂತಿತು, ಗರಗಸಗಳು ನಿಂತವು, ಅಷ್ಟು ದೊಡ್ಡ ಶೆಡ್ಡು ಮೌನವಾಯಿತು. ಎಲ್ಲರೂ ನನ್ನನ್ನೇ ನೋಡಿದರು. ಮ್ಯಾನೇಜರ್ ಸ್ವತಃ ಬಂದರು. ಪಟ್ಟಿಯನ್ನು ಬೆಳಕಿಗೆ ಹಿಡಿದು ಹೊರಳಿಸಿದರು. ಹೆಬ್ಬೆರಳಿನಿಂದ ಒರೆಸಿದರು. ಗೆರೆ ಅಳಿಸಿಹೋಯಿತು. ಬಿರುಕಲ್ಲ, ನನ್ನ ಕೈಗವಸಿಗೆ ಹತ್ತಿದ್ದ ಗ್ರೀಸು. ಅವರು ಪಟ್ಟಿಯನ್ನು ಕೆಳಗಿಟ್ಟು, ನನಗೆ ತಲೆ ಬಾಗಿಸಿ, "ಥ್ಯಾಂಕ್ಯೂ" ಎಂದು ಹೇಳಿ ಹೋದರು.

ನನಗೆ ಅರ್ಥವಾಯಿತು, ಅಥವಾ ಅರ್ಥವಾಯಿತು ಎಂದುಕೊಂಡೆ. ಬೇಡದ ಮಾಲು ಹೊತ್ತುಕೊಂಡು ಬಂದ ಮಾರಾಟದವರನ್ನು ಕಳಿಸುವಾಗ ನಿಮ್ಮ ಅಜ್ಜನೂ ಹೀಗೇ ತಲೆ ಬಾಗಿಸಿ ಥ್ಯಾಂಕ್ಯೂ ಅನ್ನುತ್ತಿದ್ದರು. ಇಷ್ಟು ಜನರ ಕೆಲಸ ನಿಲ್ಲಿಸಿದವಳಿಗೆ ಯಾರಾದರೂ ಬೇರೆ ಯಾವ ಕಾರಣಕ್ಕೆ ಥ್ಯಾಂಕ್ಯೂ ಹೇಳುತ್ತಾರೆ? ಪಾಪ, ದೊಡ್ಡ ಮನುಷ್ಯರು, ಬಾಯಿ ಬಿಟ್ಟು ಹೋಗು ಎನ್ನಲು ಅವರಿಗೂ ಸಂಕೋಚವಾಗಿರಬೇಕು ಎಂದುಕೊಂಡೆ. ಚಹಾದ ಬಿಡುವಿನಲ್ಲಿ ಏಪ್ರನ್ ಮಡಚಿ, ಅದರ ಮೇಲೆ ಟೋಪಿ, ಕೈಗವಸು ಇಟ್ಟೆ. ಕುಡಿದ ಕಪ್ಪು ತೊಳೆದಿಟ್ಟೆ. ಯಾರಿಗೂ ತೊಂದರೆಯಾಗದ ಹಾಗೆ ಹಿಂದಿನ ಬಾಗಿಲಿನಿಂದ ಹೊರಬಿದ್ದು ಬಸ್ ಸ್ಟಾಪಿಗೆ ನಡೆದೆ.

ಬೆಂಚಿನ ಮೇಲೆ ಕೂತಾಗ ಅಳು ಬರಲಿಲ್ಲ. ಮರದ ದಿಮ್ಮಿ ಹೊತ್ತ ಲಾರಿಗಳು ಗಾಳಿ ಎಬ್ಬಿಸುತ್ತ ಹೋಗುತ್ತಿದ್ದವು. ಮಗನಿಗೆ ಏನು ಹೇಳುವುದು, ಪಾತ್ರೆಗಳಲ್ಲಿ ಯಾವುದನ್ನು ಒಯ್ಯುವುದು, ಹೊರಡುವ ಮುಂಚೆ ಗೋರಿಗೆ ಒಂದು ಕಲ್ಲನ್ನಾದರೂ ಹಾಕಿಸಲಾದೀತೇ ಎಂದು ಯೋಚಿಸಿದೆ. ಎಲ್ಲದರ ಅಡಿಯಲ್ಲಿ, ಇನ್ನು ನಿಲ್ಲಬೇಕಾಗಿಲ್ಲವಲ್ಲ ಎಂದು ಕಾಲುಗಳು ಸುಮ್ಮನಾಗಿದ್ದವು.

ಅಷ್ಟರಲ್ಲಿ ಹಿಂದೆ ಸಾಮಾನು ಹೇರುವ ಒಂದು ಯೂಟ್ ಗಾಡಿ ಬಂದು ಗಕ್ಕನೆ ನಿಂತಿತು. ಲೀಡರ್ ಕಿಟಕಿಯಿಂದ ತಲೆ ಹೊರಹಾಕಿದಳು.

"ಆಂಟಿ! ಎಲ್ಲಿಗೆ?"

"ಮನೆಗೆ."

"ಯಾರು ಹೋಗು ಅಂದರು?"

"ಬಾಸ್ ಥ್ಯಾಂಕ್ಯೂ ಅಂದರು."

ಅವಳು ನನ್ನ ಮುಖವನ್ನೇ ನೋಡಿ, ಸ್ಟೀರಿಂಗ್ ಬಡಿದು ನಕ್ಕಳು. "ಹಗ್ಗ ಎಳೆದವರಿಗೆಲ್ಲ ಅವರು ಥ್ಯಾಂಕ್ಯೂ ಹೇಳ್ತಾರೆ ಆಂಟಿ! ತಪ್ಪಾಗಿ ಎಳೆದರೂ ಹೇಳ್ತಾರೆ. ಇಲ್ಲದಿದ್ದರೆ ಮುಂದಿನ ಸಲ ಯಾರು ಎಳೀತಾರೆ?" ಆಮೇಲೆ ನಗು ನಿಲ್ಲಿಸಿದಳು. "ಹತ್ತಿ ಬೇಗ. ಎಲ್ಲರೂ ಯಂತ್ರಗಳ ಕೆಳಗೆ ನಿಮ್ಮನ್ನೇ ಹುಡುಕ್ತಾ ಇದ್ದಾರೆ."

ಒಬ್ಬರು ಕಾಣದಿದ್ದರೆ ಅಲ್ಲಿ ಒಂದು ಯಂತ್ರವನ್ನೂ ಚಾಲೂ ಮಾಡುವುದಿಲ್ಲವಂತೆ. ನಾನು ಹೋದಾಗ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತಿದ್ದರು. ಗರಗಸದವನು, "ಆಂಟಿ, ಇವತ್ತು ಎರಡು ಸಲ ರೆಸ್ಟ್ ಕೊಡಿಸಿದ್ರಿ, ನಾಳೆನೂ ಬನ್ನಿ" ಎಂದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮ್ಯಾನೇಜರ್ ಮಾತ್ರ ನಗಲಿಲ್ಲ. "ಮರಕ್ಕಾಗಿ ನಿಲ್ಲಿಸಿದ್ದು ಒಳ್ಳೆಯದು. ಹೇಳದೆ ಹೋಗಿದ್ದು ಒಳ್ಳೆಯದಲ್ಲ. ಹಿಂದೆ ಒಬ್ಬರು ಯಂತ್ರಕ್ಕೆ ಸಿಕ್ಕಿದ್ದರು" ಎಂದು ಹೇಳಿ, ಏಕೆ ಹೋದಿರಿ ಎಂದು ಕೇಳಿದರು. ಎಲ್ಲರೂ ಕೇಳುತ್ತಿದ್ದರು. ನನ್ನ ಪರವಾಗಿ ಹೇಳುವವರು ಇರಲಿಲ್ಲ. ನನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ ನಾನೇ ಹೇಳಿದೆ: ಕೆಲಸ ಹೋಯಿತು ಅಂದುಕೊಂಡೆ. ನಾಚಿಕೆಯಾಯಿತು. ನನಗೆ ಈ ಕೆಲಸ ಬೇಕು. ನನ್ನ ಗಂಡ ಈ ಊರಿನ ಮಣ್ಣಲ್ಲಿದ್ದಾರೆ, ನಾನು ಇಲ್ಲೇ ಇರಬೇಕು.

ಎಷ್ಟು ಜೋರಾಗಿ ಹೇಳಿದೆನೆಂದರೆ ನನ್ನ ದನಿ ಶೆಡ್ಡಿನ ತಗಡಿಗೆ ಬಡಿದು ವಾಪಸು ಬಂತು. ಮ್ಯಾನೇಜರ್, "ಇನ್ನೊಂದು ವಾರ ನೋಡೋಣ. ಹೋಗುವಾಗ ಹೇಳಿ ಹೋಗಿ" ಎಂದರು.

ಆ ವಾರವೂ ಕಳೆಯಿತು. ಅದರ ಕೊನೆಗೆ ಕೆಲಸ ಕಾಯಂ ಎಂದರು. ಮನೆಗೆ ಬಂದು ಮಗನಿಗೆ ಫೋನ್ ಮಾಡಿದೆ.

"ಅಂದ್ರ ನೀ ಬರಂಗಿಲ್ಲ" ಎಂದ.

"ಈ ಚಳಿಗಾಲಕ್ಕ ಬರಂಗಿಲ್ಲಪಾ."

"ಈ ವಯಸ್ಸಿನ್ಯಾಗ ನಿಂತು ದುಡೀಬೇಕೇನವ್ವಾ?"

"ನಿಮ್ಮಪ್ಪನ್ನ ಒಬ್ಬನ್ನ ಬಿಟ್ಟು ಬರಾಕ ನಂಗ ಆಗವಲ್ದು."

ಆ ಕಡೆ ನಿಮ್ಮಲ್ಲಿ ರೊಟೊಟೂನದವರ ಗಲಾಟೆ ಕೇಳಿಸುತ್ತಿತ್ತು. ಅವನು, "ಶೂ ಚಲೋವ ತಗೋ, ಸಸ್ತಾ ತಗೋಬ್ಯಾಡ" ಎಂದ. ಇನ್ನೂ ಏನೋ ಹೇಳುವವನಿದ್ದ, ನನಗೇ ಕೇಳುವ ತ್ರಾಣವಿರಲಿಲ್ಲ. ನಾಳೆ ಮಾತಾಡೋಣ ಎಂದು ಫೋನ್ ಇಟ್ಟು, ಉಟ್ಟ ಬಟ್ಟೆಯಲ್ಲೇ ಮಲಗಿಬಿಟ್ಟೆ.