ನಾಲ್ಕು ಸಲ ಟ್ಯಾಬ್, ಒಂದು ಎಂಟರ್

'ಸಾರ್, ಟ್ರಸ್ಟ್ ಮುಚ್ಚಿಬಿಟ್ರಾ?'

ಹೋದ ಮಂಗಳವಾರ ಬೆಳಿಗ್ಗೆ ಮಲೆಬೆನ್ನೂರಿನಿಂದ ಗಿರಿಜಾ ಫೋನ್ ಮಾಡಿ ಹೀಗೆ ಕೇಳಿದಾಗ ನನಗೆ ನಗು ಬಂತು. ಮುಚ್ಚುವುದೇ? ತಿಂಗಳ ಹಿಂದಷ್ಟೇ ಹೊಸ ವೆಬ್‌ಸೈಟ್ ಉದ್ಘಾಟಿಸಿ, ಶಾಲು ಹೊದೆಸಿಕೊಂಡು ಬಂದವನು ನಾನು.

'ಯಾಕಮ್ಮ ಹಂಗಂತಿ? ವೆಬ್‌ಸೈಟ್ ತೆಗೆದ್ರೆ ಮೊದಲು ಬರೋದೇ ನಿನ್ ಫೋಟೋ' ಎಂದೆ, ಜಂಬದಿಂದ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ದೇವರಾಜ ಅರಸು ಬಡಾವಣೆಯಲ್ಲಿ ನಾವೊಂದಿಷ್ಟು ಜನ ಪುಟ್ಟ ಟ್ರಸ್ಟ್ ನಡೆಸುತ್ತೇವೆ. ಕಣ್ಣು ಕಾಣದವರಿಗಾಗಿ ಪಾಠಗಳನ್ನು ಓದಿ, ರೆಕಾರ್ಡ್ ಮಾಡಿ, ವೆಬ್‌ಸೈಟಿಗೆ ಹಾಕುವುದು ನಮ್ಮ ಕೆಲಸ. ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಗಿರಿಜಾ ಬ್ಯಾಂಕ್ ಪರೀಕ್ಷೆಗೆ ಆ ಪಾಠಗಳನ್ನೇ ನಂಬಿಕೊಂಡಿದ್ದಳು.

ನಮ್ಮ ಹಳೆಯ ವೆಬ್‌ಸೈಟಿನ ಅವತಾರವೋ, ದೇವರಿಗೇ ಪ್ರೀತಿ. ಅದರ ಸಾಫ್ಟ್‌ವೇರ್ ಹಳತಾಗಿದೆ, ಹೊಸ ವರ್ಷನ್‌ಗೆ ಬದಲಾಯಿಸದಿದ್ದರೆ ಹ್ಯಾಕ್ ಆಗುತ್ತದೆ ಎಂದು ಹರಿಹರದ ವೆಬ್ ಡಿಸೈನರ್ ಮಂಜುನಾಥ್ ಹೆದರಿಸಿದರು. ಸರಿ, ಬದಲಾಯಿಸಿ ಎಂದೆ. ಹೇಗೂ ಕೈ ಹಾಕುತ್ತೀರಲ್ಲ, ಸ್ವಲ್ಪ ಚೆಂದವಾಗಿಯೂ ಮಾಡಿ ಎಂದೆ. ಅಲ್ಲಿಂದ ಶುರುವಾಯಿತು ನನ್ನ ಕಾರುಬಾರು. ಫೋಟೋಗಳು ದೊಡ್ಡದಾಗಿರಬೇಕು, ತಾವಾಗಿಯೇ ಸರಿಯಬೇಕು. 'ಪಾಠಗಳು' ಎಂದು ಬರೆದಿದ್ದ ಕಡೆ ಹೆಡ್‌ಫೋನ್ ಚಿತ್ರ ಬರಬೇಕು. (ಅಕ್ಷರ ಓಲ್ಡ್ ಫ್ಯಾಷನ್ ಅಂತೆ. ಹೇಳಿದವನು ಅಕ್ಷರದಿಂದಲೇ ಬದುಕುವ ಅಂಕಣಕಾರ, ಅಂದರೆ ನಾನೇ.)

'ನಿಮ್ಮ ಸ್ಟೂಡೆಂಟ್ಸ್ ಕೈಲಿ ಒಂದ್ಸಲ ಚೆಕ್ ಮಾಡಿಸ್ರಿ ಸಾರ್, ಆಮೇಲೆ ಬಿಡಾಣ' ಅಂದಿದ್ದರು ಮಂಜುನಾಥ್.

'ಗುರುವಾರ ಉದ್ಘಾಟನೆ ಐತ್ರಿ. ಟೈಮಿಲ್ಲ' ಅಂದವನು ನಾನೇ.

ಗಿರಿಜಾ ಈಗ ವಿವರಿಸಿದಳು. 'ಮೊದ್ಲು ಕೀಬೋರ್ಡ್‌ನಾಗೆ ನಾಕು ಸಲ ಟ್ಯಾಬ್ ಒತ್ತಿ ಎಂಟರ್ ಹೊಡೆದ್ರೆ ಪಾಠ ಶುರು ಆಗ್ತಿತ್ತು ಸಾರ್. ಈಗ ಎಷ್ಟ್ ಒತ್ತಿದ್ರೂ ಬಟನ್, ಬಟನ್ ಅಂತೈತೆ. ಯಾವ ಬಟನ್ ಅಂತ ಹೇಳಲ್ಲ. ಲ್ಯಾಪ್‌ಟಾಪೇ ಕೆಟ್ಟೈತೆ ಅನ್ಕಂಡು ಹರಿಹರಕ್ಕೆ ಎರಡು ಸಲ ಹೊತ್ಕಂಡು ಹೋಗಿ ರಿಪೇರಿ ಅಂಗಡೀಲಿ ತೋರಿಸ್ದೆ. ಸರಿ ಐತೆ ಅಂದ್ರು, ಅದಕ್ಕೇ ಟ್ರಸ್ಟೇ ಮುಚ್ಚಿರ್ಬೇಕು ಅನ್ಕಂಡೆ.'

ಕೆಟ್ಟಿದ್ದು ಲ್ಯಾಪ್‌ಟಾಪ್ ಅಲ್ಲ. ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಒಂದು ಸಾಫ್ಟ್‌ವೇರ್ ಅವಳ ಕಂಪ್ಯೂಟರಿನಲ್ಲಿದೆ. ಅದಕ್ಕೆ ಬೇಕಿದ್ದ ಅಕ್ಷರವನ್ನೇ ನಾನು ತೆಗೆಸಿದ್ದೆ. ಗಾಲಿಕುರ್ಚಿಯ ದಾರಿಗೆ ಬೈಕ್ ಅಡ್ಡ ನಿಲ್ಲಿಸುವವರನ್ನು ಇದೇ ಅಂಕಣದಲ್ಲಿ ತರಾಟೆಗೆ ತೆಗೆದುಕೊಂಡಿದ್ದೆ, ನೆನಪಿದೆಯೇ? ನೀವು ಮರೆತಿದ್ದರೆ ನನಗೇ ಒಳ್ಳೆಯದು.

'ಪರೀಕ್ಷೆ ಯಾವಾಗಮ್ಮ?'

'ಮೊನ್ನೆ ಭಾನುವಾರ ಆತು ಸಾರ್. ಕೊನೇ ಪಾಠ ಯಾವೂ ಕೇಳಾಕಾಗ್ಲಿಲ್ಲ. ಪರೀಕ್ಷೇಲಿ ಅವೇ ಬಂದಿದ್ವು. ಈ ಸಲ ಆಗಲ್ಲ ಬಿಡ್ರಿ.'

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಬೈಯಲಿಲ್ಲ. ತಪ್ಪಾಯಿತಮ್ಮ ಎಂದೆ. ಹೇಳಿದರೇನು ಬಂತು, ಅವಳ ಒಂದು ವರ್ಷ ಹೋಗಿತ್ತು. (ಅದೇ ಮಧ್ಯಾಹ್ನ ಮಂಜುನಾಥ್ ಎಲ್ಲ ಬಟನ್‌ಗಳಿಗೂ ಹೆಸರು ಬರೆದು ಸರಿಮಾಡಿದರು. ಹತ್ತು ನಿಮಿಷದ ಕೆಲಸವಂತೆ.)

ಆ ಉದ್ಘಾಟನೆಗೆ ಎಷ್ಟು ಜನ ಬಂದಿದ್ದರು! ಎಲ್ಲರೂ ನೋಡಿದರು, ಚೆನ್ನಾಗಿದೆ ಎಂದರು. ನೋಡಲಾಗದ ಒಬ್ಬರನ್ನಾದರೂ ನಾನು ಕರೆದಿದ್ದೆನೇ?

ಫೋನ್ ಇಡುವ ಮೊದಲು ಗಿರಿಜಾ ಮೆತ್ತಗೆ ಕೇಳಿದಳು: 'ಮುಂದಿನ ವರ್ಷ ಮತ್ತೆ ಬರೀತೀನಿ ಸಾರ್. ಮೊದಲಿಗೇ ನನ್ ಫೋಟೋ ಐತೆ ಅಂದ್ರಲ್ಲ, ಅದನ್ನ ದಾಟಿ ಒಳಗೆ ಹೋಗೋದು ಹೆಂಗ್ರಿ?'